ಜಾಯ್ಸನ ಎರಡು ಕಥೆಗಳಲ್ಲಿ ಗಾನ ಮತ್ತು ಆತಿಥ್ಯ

ಉತ್ಸವವನ್ನು ಏರ್ಪಡಿಸಿದವನಿಗೆ ಉತ್ಸವದ ಸುಖವು ದೊರೆಯುವುದು ವಿರಳ. ದೀಪ, ಊಟ, ಗಾಯಕರ ಸಂಭಾವನೆ, ಬರಬೇಕಾದವರು ಬಂದರೇ ಎಂಬ ಕಳವಳ, ಇವುಗಳ ನಡುವೆ ಹಾಡು ಯಾವಾಗ ಮೊದಲಾಯಿತು, ಯಾವಾಗ ಮುಗಿಯಿತು ಎಂಬುದೇ ಅವನ ಅರಿವಿಗೆ ಬಾರದು. ಎಲ್ಲರೂ ಬಲ್ಲ ಈ ಲೋಕಾನುಭವವನ್ನು ಹಿಡಿದು ಐರ್ಲೆಂಡಿನ ಲೇಖಕ ಜೇಮ್ಸ್ ಜಾಯ್ಸ್ (1882–1941) ಎರಡು ಕಥೆಗಳನ್ನು ರಚಿಸಿದ್ದಾನೆ. 1914ರಲ್ಲಿ ಪ್ರಕಟವಾದ ‘ಡಬ್ಲಿನರ್ಸ್’ ಎಂಬ 15 ಕಥೆಗಳ ಸಂಗ್ರಹದಲ್ಲಿ ‘ಎ ಮದರ್’ 13ನೆಯದು. ‘ದಿ ಡೆಡ್’ ಕಡೆಯದು. ಮೊದಲನೆಯದು ಸಂಗೀತ ಕಚೇರಿಗಳ ಕಥೆ. ಎರಡನೆಯದು ಹಬ್ಬದ ಔತಣದ ಕಥೆ. ಎರಡನ್ನೂ ಜೊತೆಯಲ್ಲಿಟ್ಟು ಓದಿದರೆ ಒಂದೊಂದನ್ನು ಬೇರೆಯಾಗಿ ಓದಿದಾಗ ತೋರದ ಅರ್ಥವು ಹೊಳೆಯುತ್ತದೆ.

‘ಎ ಮದರ್’ ಕಥೆಯಲ್ಲಿ ದೇಶಾಭಿಮಾನದ ಸಂಘವೊಂದು ಬುಧವಾರದಿಂದ ಶನಿವಾರದವರೆಗೆ ನಾಲ್ಕು ಕಚೇರಿಗಳನ್ನು ಗೊತ್ತುಮಾಡುತ್ತದೆ. ಕಿಯರ್ನಿ ಎಂಬ ಗೃಹಿಣಿಯ ಮಗಳು ಕ್ಯಾಥ್ಲೀನ್ ಗಾಯಕರಿಗೆ ಪಿಯಾನೊ ನುಡಿಸಬೇಕು; ಅದಕ್ಕೆ ಎಂಟು ಗಿನಿಗಳೆಂದು ಕರಾರುಪತ್ರವಾಗಿದೆ. ತಾಯಿಯು ಮಗಳ ಉಡುಪಿಗೆ ನಸುಗೆಂಪಿನ ನಯವಾದ ಬಟ್ಟೆಯನ್ನು ಕೊಂಡು ತರುತ್ತಾಳೆ. ಹಾಡುಗಳ ಅನುಕ್ರಮವನ್ನು ತಾನೇ ತಿದ್ದುತ್ತಾಳೆ. ಸ್ನೇಹಿತರು ಬಾರದೆ ಹೋದಾರೆಂದು ಎರಡೆರಡು ಷಿಲಿಂಗಿನ ಟಿಕೇಟುಗಳನ್ನು ತಾನೇ ಕೊಂಡು ಕಳುಹಿಸುತ್ತಾಳೆ. ಆದರೆ ಬುಧವಾರ ಸಭಾಂಗಣವು ಬರಿದು. ಗುರುವಾರದ ಜನವೆಲ್ಲ ಪುಕ್ಕಟೆ ಟಿಕೇಟಿನವರು. ಶುಕ್ರವಾರದ ಕಚೇರಿಯೇ ರದ್ದು. ಶನಿವಾರ ಮಳೆ. ಹಣ ಕೈಸೇರದೆ ಮಗಳು ವೇದಿಕೆಯನ್ನೇರಕೂಡದೆಂದು ತಾಯಿಯು ಹಟ ಹಿಡಿಯುತ್ತಾಳೆ. ಸಭಿಕರು ಚಪ್ಪಾಳೆ ತಟ್ಟಿ ಕಾಲು ಬಡಿಯುತ್ತಾರೆ. ನಾಲ್ಕು ಪೌಂಡುಗಳು ಕೈಗೆ ಬಂದಾಗ ಅರ್ಧ ಸಂಭಾವನೆಗೆ ಇನ್ನೂ ನಾಲ್ಕು ಷಿಲಿಂಗು ಕಡಮೆಯೆಂದು ಆಕೆ ಎಣಿಸಿ ಹೇಳುತ್ತಾಳೆ. ಪೂರ್ವಾರ್ಧ ಮುಗಿದ ಮೇಲೆ ಕ್ಯಾಥ್ಲೀನಳ ಸ್ಥಾನದಲ್ಲಿ ಬೇರೊಬ್ಬಳು ಕೂರುತ್ತಾಳೆ. ತಾಯಿಮಕ್ಕಳು ಮನೆಗೆ ಹೊರಡುತ್ತಾರೆ.

ಇಲ್ಲಿ ಒಂದು ಸಣ್ಣ ಸಂಗತಿಯು ಕಥೆಗೆಲ್ಲ ಕೀಲಿಕೈಯಾಗಿದೆ. ಪತ್ರಿಕೆಯ ಪರವಾಗಿ ಬಂದ ವರದಿಗಾರನು ಕಚೇರಿಯನ್ನು ಕೇಳಲು ಕೂರುವುದಿಲ್ಲ. ಬೇರೊಂದು ಉಪನ್ಯಾಸಕ್ಕೆ ಹೋಗಬೇಕೆಂದೂ, ವಿಮರ್ಶೆಯನ್ನು ಮತ್ತೊಬ್ಬರು ಬರೆದುಕೊಟ್ಟರೆ ಅಚ್ಚುಹಾಕಿಸುವೆನೆಂದೂ ಹೇಳಿ ನಡೆಯುತ್ತಾನೆ. ಸಂಗೀತವನ್ನು ಕುರಿತು ಎಲ್ಲರೂ ಮಾತಾಡುತ್ತಾರೆ. ಸಂಗೀತವನ್ನು ಕೇಳಿದವರು ಯಾರು? ಸಮಿತಿಗೆ ಪೆಟ್ಟಿಗೆಯ ಚಿಂತೆ, ತಾಯಿಗೆ ಕರಾರಿನ ಚಿಂತೆ, ಗಾಯಕರಿಗೆ ಪರಸ್ಪರ ಅಸೂಯೆ.

ಹಾಗೆಂದು ಕಿಯರ್ನಿಯ ಬೇಡಿಕೆಯು ಅನ್ಯಾಯವಲ್ಲ. ಕೊಟ್ಟ ಮಾತಿನಂತೆ ಹಣ ಕೊಡಿರೆನ್ನುವುದರಲ್ಲಿ ತಪ್ಪೇನು? ತಾನು ಗಂಡಸಾಗಿದ್ದರೆ ಇವರು ಹೀಗೆ ನಡೆದುಕೊಳ್ಳುತ್ತಿರಲಿಲ್ಲವೆಂಬ ಆಕೆಯ ಎಣಿಕೆಯೂ ಹುಸಿಯಲ್ಲ. ಕಥೆಯ ನಿಜವಾದ ಕೊರತೆ ಇನ್ನೊಂದೆಡೆ ಇದೆ. ನಡುವೆ ನಿಂತ ಕ್ಯಾಥ್ಲೀನಳಿಗೆ ಏನೆನ್ನಿಸಿತೆಂಬುದನ್ನು ಲೇಖಕನು ಕಾಣಿಸುವುದಿಲ್ಲ; ತಲೆ ತಗ್ಗಿಸಿ ಹೊಸ ಪಾದರಕ್ಷೆಯ ತುದಿಯನ್ನು ಅಲ್ಲಾಡಿಸುವ ಹುಡುಗಿಯೊಬ್ಬಳ ಚಿತ್ರವಷ್ಟೇ ದೊರೆಯುತ್ತದೆ. ಯಾರೂ ಯಾರನ್ನೂ ಕೇಳದ ಲೋಕವನ್ನು ಚಿತ್ರಿಸಹೊರಟ ಜಾಯ್ಸನು ತಾನೂ ಆ ಹುಡುಗಿಯನ್ನು ಕೇಳಲಿಲ್ಲ. 1904ರಲ್ಲಿ ಇದೇ ಸಭಾಂಗಣದಲ್ಲಿ ಸ್ವತಃ ಹಾಡಿದ್ದವನಿಗೆ ಅಲ್ಲಿನ ಕ್ಷುದ್ರತೆಯ ಪರಿಚಯ ಚೆನ್ನಾಗಿಯೇ ಇದ್ದಿತು. ಆದರೆ ಪರಿಚಯವೊಂದೇ ಕರುಣೆಯಾಗದು.

ಈ ಶುಷ್ಕತೆಯ ಅರಿವು ಅವನಿಗೂ ಆದಂತಿದೆ. 1906ರಲ್ಲಿ ರೋಮಿನಿಂದ ತಮ್ಮನಿಗೆ ಬರೆದ ಪತ್ರದಲ್ಲಿ, ತನ್ನ ಕಥೆಗಳು ಡಬ್ಲಿನ್ ನಗರದ ಆತಿಥ್ಯಗುಣವನ್ನು ತೋರಿಸಲಿಲ್ಲವೆಂದು ಅವನು ಒಪ್ಪಿಕೊಂಡಿದ್ದಾನೆ. ಮರುವರ್ಷ ತ್ರಿಯೆಸ್ತೆಯಲ್ಲಿ ಸಿದ್ಧವಾದ ‘ದಿ ಡೆಡ್’ ಆ ಋಣದ ಸಂದಾಯ.

ಕ್ರಿಸ್ಮಸ್ ಕಾಲದ ಒಂದು ರಾತ್ರಿ. ಮಾರ್ಕನ್ ಸೋದರಿಯರಾದ ಕೇಟ್ ಮತ್ತು ಜೂಲಿಯಾ ಎಂಬ ವೃದ್ಧೆಯರೂ ಅವರ ಸೋದರನ ಮಗಳು ಮೇರಿ ಜೇನಳೂ ವರ್ಷಂಪ್ರತಿ ಕೊಡುವ ನೃತ್ಯದ ಔತಣ. ಮೂವರೂ ಸಂಗೀತದಿಂದಲೇ ಜೀವಿಸಿದವರು. ಇಲ್ಲಿ ಕರಾರಿಲ್ಲ, ಟಿಕೇಟಿಲ್ಲ. ಹೆಬ್ಬಾತಿನ ಮಾಂಸ, ಹಣ್ಣು, ಪಾನೀಯಗಳು ಮೇಜಿನ ತುಂಬ ಒಪ್ಪವಾಗಿ ಜೋಡಿಸಿವೆ. ಆದರೂ ಮೇರಿ ಜೇನ್ ಪಿಯಾನೊ ನುಡಿಸುವಾಗ ಅದರಲ್ಲಿ ತನ್ಮಯರಾದವರು ಅವಳೂ, ಹಾಳೆ ತಿರುವುವ ಅತ್ತೆಯೂ ಇಬ್ಬರೇ. ಮೊದಲ ಸ್ವರಕ್ಕೆ ಎದ್ದು ಪಾನೀಯದ ಕೋಣೆಗೆ ಹೋದ ನಾಲ್ವರು ತರುಣರು ಮುಗಿದೊಡನೆ ಬಾಗಿಲಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಾರೆ. ಹಾಸ್ಯವೆಂದರೆ ಇದು; ವಿಷವಿಲ್ಲ, ಆದರೆ ಗುರಿ ತಪ್ಪುವುದೂ ಇಲ್ಲ.

ಜೂಲಿಯಾ ಹಾಡಿದಾಗ ಮನೆಯೆಲ್ಲ ಮೆಚ್ಚುತ್ತದೆ. ಆ ಮೆಚ್ಚಿಕೆಯ ಹಿಂದೆಯೇ ಕೇಟಳ ಕೋಪವು ಸಿಡಿಯುತ್ತದೆ: ಆಯುಷ್ಯವನ್ನೆಲ್ಲ ಚರ್ಚಿನ ಗಾಯಕವೃಂದಕ್ಕೆ ಸವೆಸಿದ ಹೆಂಗಸರನ್ನು ಹೊರಗಟ್ಟಿ ಹುಡುಗರನ್ನು ನಿಲ್ಲಿಸಿದ್ದು ಧರ್ಮವೇ? ಚರ್ಚಿನ ಗಾಯಕವೃಂದದಲ್ಲಿ ಸ್ತ್ರೀಯರಿಗೆ ಸ್ಥಾನವಿಲ್ಲವೆಂದು 1903ರಲ್ಲಿ ಹತ್ತನೆಯ ಪಯಸ್ ಪೋಪರು ಹೊರಡಿಸಿದ ಆಜ್ಞೆಯು ಇದರ ಹಿನ್ನೆಲೆ. ಹೀಗೆ ಒಂದು ಸಣ್ಣ ಔತಣದ ಮಾತಿನಲ್ಲಿ ಒಂದು ಬಾಳಿನ ಅಪಮಾನವೇ ಅಡಗಿದೆ.

ಕಥಾನಾಯಕ ಗೇಬ್ರಿಯಲ್ ಈ ವೃದ್ಧೆಯರ ಸೋದರಿಯ ಮಗ. ಹೆಬ್ಬಾತನ್ನು ಕೊಯ್ದು ಬಡಿಸುವವನು, ಊಟದ ಕೊನೆಯಲ್ಲಿ ಭಾಷಣ ಮಾಡುವವನು. ಐರ್ಲೆಂಡಿನ ಆತಿಥ್ಯವೇ ಅವನ ಭಾಷಣದ ವಿಷಯ. ಆದರೆ ಆ ಮಾತುಗಳು ಹುಟ್ಟಿದ್ದು ಆದರದಿಂದಲ್ಲ. ಸಂಜೆ ತನ್ನನ್ನು ಕೆಣಕಿದ ಐವರ್ಸ್ ಎಂಬ ತರುಣಿಗೆ ಉತ್ತರ ಕೊಡಬೇಕೆಂಬ ಹಟದಿಂದ. ಆಕೆಯೋ ಊಟಕ್ಕೂ ನಿಲ್ಲದೆ ಹೊರಟುಹೋಗಿದ್ದಾಳೆ. ಹೊಗಳಲಿರುವ ವೃದ್ಧೆಯರನ್ನು ಅವನು ಮನಸ್ಸಿನೊಳಗೆ ತಿಳಿವಿಲ್ಲದ ಮುದುಕಿಯರೆಂದು ಎಣಿಸಿದ್ದಾನೆ. ವಾಚಕನು ಇದನ್ನು ಓದಿ ನಕ್ಕರೆ ತನ್ನನ್ನೇ ಕಂಡು ನಕ್ಕಂತೆ. ಸಭೆಗಳಲ್ಲಿ ವಂದನಾರ್ಪಣೆ ಮಾಡಿದವರೆಲ್ಲ ಈ ದ್ವಂದ್ವವನ್ನು ಬಲ್ಲರು.

ಅತಿಥಿಗಳು ಹೊರಡುವ ವೇಳೆಗೆ, ರಾತ್ರಿಯೆಲ್ಲ ಗಂಟಲು ಕೆಟ್ಟಿದೆಯೆಂದು ಹಾಡದಿದ್ದ ಡಾರ್ಸಿ ಎಂಬ ಗಾಯಕನು ಮಹಡಿಯಲ್ಲಿ ಒಂದು ಹಳೆಯ ಜಾನಪದಗೀತೆಯನ್ನು ಎತ್ತಿಕೊಳ್ಳುತ್ತಾನೆ. ಗೇಬ್ರಿಯಲನ ಹೆಂಡತಿ ಗ್ರೆಟ ಮೆಟ್ಟಿಲ ಮೇಲೆ ಸ್ತಬ್ಧಳಾಗಿ ಕೇಳುತ್ತಾಳೆ. ಕೆಳಗಿನಿಂದ ಗಂಡನು ಆ ನಿಲುವನ್ನು ನೋಡುತ್ತಾನೆ. ತಾನು ಚಿತ್ರಕಾರನಾಗಿದ್ದರೆ ಹೀಗೆಯೇ ಬರೆಯುತ್ತಿದ್ದೆನೆಂದು ಆ ಚಿತ್ರಕ್ಕೊಂದು ಹೆಸರನ್ನೂ ಯೋಚಿಸುತ್ತಾನೆ. ಅವನು ಕಂಡನು, ಕೇಳಲಿಲ್ಲ. ಹೋಟೆಲಿನ ಕೋಣೆಯಲ್ಲಿ ಅವಳು ಅತ್ತು ಹೇಳಿದ ಮೇಲೆಯೇ ಅವನಿಗೆ ತಿಳಿಯುವುದು: ಗಾಲ್ವೇ ಪಟ್ಟಣದಲ್ಲಿ ಅವಳನ್ನು ಪ್ರೀತಿಸಿ, ಕಾಯಿಲೆಯಲ್ಲಿಯೂ ಮಳೆಯೊಳಗೆ ಅವಳಿಗಾಗಿ ನಿಂತು, 17ನೆಯ ವಯಸ್ಸಿಗೆ ತೀರಿಹೋದ ಮೈಕಲ್ ಫ್ಯೂರಿ ಎಂಬ ಹುಡುಗನು ಹಾಡುತ್ತಿದ್ದ ಹಾಡು ಅದು. ಅವಳು ನಿದ್ರೆಹೋದ ಮೇಲೆ ಗೇಬ್ರಿಯಲನಿಗೆ ಮಾತು ಉಳಿಯುವುದಿಲ್ಲ. ಹಾಡುವಾಗ ಜೂಲಿಯಾಳ ಮುಖದಲ್ಲಿ ಸುಳಿದ ಕಳೆಗುಂದಿದ ಛಾಯೆಯು ಆಗ ಅವನ ನೆನಪಿಗೆ ಬರುತ್ತದೆ. ಆಕೆಯೂ ಬೇಗ ಹೊರಟುಹೋಗುವಳೆಂದು ಅವನು ಅರಿಯುತ್ತಾನೆ. ಹೊರಗೆ ಐರ್ಲೆಂಡಿನ ಮೇಲೆಲ್ಲ ಹಿಮ ಬೀಳುತ್ತಿದೆ.

ಶಬ್ದಕ್ಕೆ ವಾಚ್ಯಾರ್ಥವನ್ನು ಮೀರಿದ ಧ್ವನಿಯುಂಟೆಂದು ಆನಂದವರ್ಧನನು ಸಾಧಿಸಿದನು; ಅದನ್ನು ಗ್ರಹಿಸುವ ಸಹೃದಯನಿಲ್ಲದೆ ಅದು ಪ್ರಕಟವಾಗದು. ಈ ಮಾತನ್ನು ಹಾಡಿಗೆ ಹಚ್ಚಿ ನೋಡಿದರೆ ಎರಡು ಕಥೆಗಳ ಅಂತರವು ಸ್ಪಷ್ಟವಾಗುತ್ತದೆ. ಅಲ್ಲಿ ನಾಲ್ಕು ರಾತ್ರಿಗಳ ಸಿದ್ಧತೆಯಿದ್ದೂ ಒಬ್ಬ ಸಹೃದಯನು ದೊರೆಯಲಿಲ್ಲ. ಇಲ್ಲಿ ಗಂಟಲು ಕೆಟ್ಟವನು ಅರ್ಧಕ್ಕೆ ಬಿಟ್ಟ ಹಾಡಿಗೆ ಮೆಟ್ಟಿಲ ಮೇಲೆ ಒಬ್ಬಳು ದೊರೆತಳು. ಅದರಿಂದ ಒಂದು ಮನೆಯ ಒಳಬಾಗಿಲು ತೆರೆಯಿತು. ಆದರೆ ಆ ವೃದ್ಧೆಯರ ಶ್ರಮವು ವ್ಯರ್ಥವೆಂದು ಇದರ ತಾತ್ಪರ್ಯವಲ್ಲ. ಅವರು ಬಾಗಿಲು ತೆರೆದು, ದೀಪ ಹಚ್ಚಿ, ಊಟವಿಕ್ಕದಿದ್ದರೆ ಡಾರ್ಸಿ ಬರುತ್ತಿರಲಿಲ್ಲ, ಗ್ರೆಟ ಕೇಳುತ್ತಿರಲಿಲ್ಲ. ಬಂದವನು ಮನಸ್ಸಿನಲ್ಲಿ ಏನನ್ನು ಹೊತ್ತು ಬಂದನೆಂಬುದು ಆತಿಥೇಯನಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಅದಕ್ಕೆ ಎಡೆಮಾಡಿ ಕೊಡುವುದೇ ಆತಿಥ್ಯದ ಪರಮಾವಧಿ. ಮೊದಲ ಕಥೆಯು ಚತುರನೊಬ್ಬನ ಕೃತಿ. ಎರಡನೆಯದು ಕೇಳಲು ಕಲಿತವನದು.