ಕೇಳದೆ ಉಳಿದ ಮೂರನೆಯ ಪ್ರಶ್ನೆ

ಗಂಜಾಂಗೆ ಸಮೀಪದ ರಂಗನತಿಟ್ಟಿನ ನಡುಗಡ್ಡೆಗಳು ೧೯೪೦ರಲ್ಲಿ ಪಕ್ಷಿಧಾಮವಾದದ್ದು ಡಾ. ಸಲೀಂ ಅಲಿಯವರ ಸಲಹೆಯಿಂದ. ಅಲ್ಲಿ ಗೂಡುಕಟ್ಟುವ ಕೊಕ್ಕರೆಗಳಿಗೆ ಅವರು ಅಭಯದಾತರು. ಆದರೆ ಮೈಸೂರು ಸೀಮೆಯ ಪಕ್ಷಿಸಮೀಕ್ಷೆಗೆ ಬಂದ ಅವರ ಕೈಯಲ್ಲಿ ಮಾದರಿ ಸಂಗ್ರಹದ ಕೋವಿಯೂ ಇತ್ತು. ೧೯೮೫ರಲ್ಲಿ ಪ್ರಕಟವಾದ ಅವರ ಆತ್ಮಚರಿತ್ರೆ ‘ದಿ ಫಾಲ್ ಆಫ್ ಎ ಸ್ಪ್ಯಾರೋ’ ಈ ವೈರುಧ್ಯವನ್ನು ಮರೆಮಾಚುವುದಿಲ್ಲ. ಶೀರ್ಷಿಕೆಯ ಗುಬ್ಬಚ್ಚಿ ಉರುಳಿದ್ದು ಅವರದೇ ಏರ್‌ಗನ್ನಿಗೆ.

ಮುಂಬಯಿಯ ಆ ಬಾಲಕ ಹೊಡೆದ ಗುಬ್ಬಚ್ಚಿಗಳು ಅಡುಗೆಗೆ ಸಲ್ಲುತ್ತಿದ್ದವು. ಒಮ್ಮೆ ಬಿದ್ದ ಹಕ್ಕಿಯ ಕೊರಳಲ್ಲಿ ಹಳದಿ ಕಲೆ ಕಂಡಿತು. ಇದು ತಿನ್ನಲು ಧರ್ಮಸಮ್ಮತವೇ ಎಂಬ ಶಂಕೆ ಹುಟ್ಟಿತು. ೧೯೦೮ರಲ್ಲಿ ಸೋದರಮಾವ ಅಮೀರುದ್ದೀನ್ ತಯ್ಯಬ್ಜಿಯವರ ಪತ್ರದೊಡನೆ ಹುಡುಗ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ. ಕಾರ್ಯದರ್ಶಿ ಮಿಲ್ಲಾರ್ಡ್ ಹಕ್ಕಿಯ ಹೆಸರು ಹೇಳಿ, ಒಣಗಿಸಿ ತುಂಬಿಟ್ಟ ಹಕ್ಕಿಗಳ ಭಂಡಾರವನ್ನೇ ತೆರೆದು ತೋರಿಸಿದರು. ‘ತಿನ್ನಬಹುದೇ?’ ಎಂಬುದು ಮೊದಲ ಪ್ರಶ್ನೆ. ‘ಇದು ಯಾವ ಹಕ್ಕಿ?’ ಎಂಬುದು ಎರಡನೆಯದು. ‘ಕೊಲ್ಲಬಹುದೇ?’ ಎಂದು ಯಾರೂ ಕೇಳಲಿಲ್ಲ.

ಅದಕ್ಕೂ ಮುಂಚೆ ಒಂದೇ ಗೂಡಿನ ಬಳಿ ಏಳು ದಿನಗಳಲ್ಲಿ ಎಂಟು ಗಂಡು ಗುಬ್ಬಚ್ಚಿಗಳನ್ನು ಹೊಡೆದು, ಪ್ರತಿ ಸಲವೂ ಹೆಣ್ಣಿಗೆ ಹೊಸ ಜೊತೆ ದೊರೆತುದನ್ನು ಆತ ಬರೆದಿಟ್ಟಿದ್ದ. ದಶಕಗಳ ಬಳಿಕ ಆ ಟಿಪ್ಪಣಿ ಅಚ್ಚಾಯಿತು. ಅವಲೋಕನ ನಿಖರ, ಅದರ ಬೆಲೆ ಎಂಟು ಪ್ರಾಣ.

ಲೇಖಕರ ಸಮಾಧಾನ ಇಷ್ಟು: ನಿರರ್ಥಕ ಕೊಲೆ ಹೇಯ; ಆದರೆ ತಮ್ಮ ಪಕ್ಷಿಪ್ರೇಮ ಭಾವುಕವಾದುದಲ್ಲ, ಸೌಂದರ್ಯದೃಷ್ಟಿಯದು, ವೈಜ್ಞಾನಿಕವಾದುದು; ಶೋಧನೆಗೆ ಮಾದರಿಗಳು ಬೇಕು. ಈ ಪ್ರಾಮಾಣಿಕತೆ ಶ್ಲಾಘ್ಯ, ವಾದ ಮಾತ್ರ ಅರ್ಧದಲ್ಲೇ ನಿಲ್ಲುತ್ತದೆ. ಪ್ರಯೋಜನವೇ ಸಮರ್ಥನೆಯಾದರೆ ಹಸಿದವನ ಪ್ರಯೋಜನ ವಿಜ್ಞಾನಿಯದಕ್ಕಿಂತ ಕೀಳೆನ್ನಲಾದೀತೆ? ಶಾಸ್ತ್ರದ ಮಾತಿನಲ್ಲಿ ಎರಡೂ ಸಂಕಲ್ಪೀ ಹಿಂಸೆಯೇ. ಉದ್ದೇಶ ಉದಾತ್ತವಾದ ಮಾತ್ರಕ್ಕೆ ಸಂಕಲ್ಪ ಅಳಿಯದು.

ಗ್ರಂಥ ಪ್ರಕಟವಾದ ಮರುವರ್ಷ, ೧೯೮೬ರ ಜನವರಿಯಲ್ಲಿ, ಈ ಪ್ರಶ್ನೆ ಇನ್ನಷ್ಟು ತೊಡಕಾಗಿ ಎದುರಾಯಿತು. ೧೯೦೦ರಿಂದೀಚೆಗೆ ಕಾಣದೆ, ಅಳಿಯಿತೆಂದೇ ಬಗೆಯಲಾಗಿದ್ದ ಜೆರ್ಡಾನ್ಸ್ ಕೋರ್ಸರ್ ಆಂಧ್ರದ ಕಡಪ ಜಿಲ್ಲೆಯಲ್ಲಿ ಮತ್ತೆ ದೊರೆಯಿತು. ಸೊಸೈಟಿಯ ಸಂಶೋಧಕರಿಗೆ ಅದನ್ನು ಹಿಡಿದುಕೊಟ್ಟವನು ಇರುಳಲ್ಲಿ ಬೆಳಕು ಬಿಟ್ಟು ಹಕ್ಕಿ ಹಿಡಿಯಬಲ್ಲ ಒಬ್ಬ ಹಳ್ಳಿಗ. ವಿದ್ವಾಂಸರು ಕಳೆದುಕೊಂಡಿದ್ದುದಕ್ಕೆ ಅಲ್ಲಿನವರಲ್ಲಿ ‘ಕಲಿವಿಕೋಡಿ’ ಎಂಬ ಹೆಸರೇ ಇತ್ತು. ತೆಲುಗಿನಲ್ಲಿ ಕೋಡಿ ಎಂದರೆ ಕೋಳಿ. ಹೆಸರೇ ಒಲೆಯ ಕಡೆಗೆ ಕೈತೋರಿಸುವಂತಿದೆ. ಬೇಟೆಯ ಬದುಕು ಕೊಟ್ಟ ಆ ಅರಿವಿಲ್ಲದಿದ್ದರೆ ಶೋಧವೂ ಇಲ್ಲ, ಆ ಹಕ್ಕಿಗೆಂದು ಮುಂದೆ ರೂಪುಗೊಂಡ ಶ್ರೀ ಲಂಕಮಲ್ಲೇಶ್ವರ ಅಭಯಾರಣ್ಯವೂ ಇಲ್ಲ. ಹಿಡಿದ ಹಕ್ಕಿಯಂತೂ ಹೆಚ್ಚು ದಿನ ಬದುಕಲಿಲ್ಲ. ಅದರ ಒಡಲು ಸೊಸೈಟಿಯ ಭಂಡಾರವನ್ನು ಸೇರಿತು.