ಕೋಟಿನ ಹಿಂದೆ ಓಡಿದ ಹಾಡು

ರೆನೆ ಕ್ಲೇರ್ 1931ರಲ್ಲಿ ನಿರ್ದೇಶಿಸಿದ ‘ಲ ಮಿಲಿಯೊಂ’ ಎಂಬ ಫ್ರೆಂಚ್ ಸಂಗೀತಪ್ರಹಸನದ ಕಥಾವಸ್ತು ತೀರ ತೆಳುವಾದುದು: ಸಾಲದಲ್ಲಿ ಮುಳುಗಿದ ಚಿತ್ರಕಾರ ಮಿಶೆಲನಿಗೆ ಲಾಟರಿಯೇನೋ ಹೊಡೆದಿದೆ, ಆದರೆ ಟಿಕೆಟ್ಟಿರುವ ಹರಕುಕೋಟನ್ನು ಅವನ ಪ್ರೇಯಸಿ ಬಿಯಾಟ್ರಿಸಳು ಪೋಲೀಸರಿಂದ ತಪ್ಪಿಸಿಕೊಂಡು ಬಂದ ಕಳ್ಳನೊಬ್ಬನಿಗೆ ಕೊಟ್ಟುಬಿಟ್ಟಿದ್ದಾಳೆ. ಅಲ್ಲಿಂದ ಮುಂದಕ್ಕೆ ಇಡೀ ಚಿತ್ರವೇ ಆ ಕೋಟಿನ ಬೆನ್ನುಹತ್ತಿದ ಓಟ. ಸಾಲಕೊಟ್ಟವರ ಪೀಡೆಯೂ ಇಲ್ಲಿ ಮೇಳಗೀತವೇ. ಕೋಟಿಗಾಗಿ ಕಿತ್ತಾಟ ನಡೆವಾಗ ನಮ್ಮ ಕಿವಿಗೆ ಬೀಳುವುದು ರಗ್ಬಿ ಪಂದ್ಯದ ಸೀಟಿ ಮತ್ತು ಜನರ ಗದ್ದಲ! ವಾಕ್ಚಿತ್ರವನ್ನು ಮೊದಲು ಸಂಶಯದಿಂದಲೇ ಕಂಡ ಕ್ಲೇರನು, ಶಬ್ದವು ದೃಶ್ಯದ ಬಾಲ ಹಿಡಿದು ನಡೆಯಬೇಕಿಲ್ಲವೆಂಬುದನ್ನು ಹೀಗೆ ನಗುನಗುತ್ತಲೇ ಸ್ಥಾಪಿಸಿದನು.

ಈ ಕೃತಿಯ ಪರಮೋತ್ಕೃಷ್ಟ ಭಾಗವೆಂದರೆ ಗೀತನಾಟಕದ ರಂಗಸ್ಥಳದ ದೃಶ್ಯ. ನೇಪಥ್ಯದಲ್ಲಿ ಪರಸ್ಪರ ಕಿಡಿಕಾರುವ ಸ್ಥೂಲಕಾಯದ ಗಾಯಕ-ಗಾಯಕಿಯರು ಪರದೆಯೆದ್ದೊಡನೆ ಪ್ರಣಯಗೀತವನ್ನು ಹಾಡತೊಡಗುತ್ತಾರೆ. ಅವರ ಬೆನ್ನಹಿಂದೆ, ಬಣ್ಣಬಳಿದ ರಂಗಸಜ್ಜಿಕೆಯ ಮರೆಯಲ್ಲಿ ಸಿಕ್ಕಿಬಿದ್ದ, ಮುನಿಸಿನಿಂದ ಮುಖ ತಿರುಗಿಸಿದ ಮಿಶೆಲ್-ಬಿಯಾಟ್ರಿಸರು ಒಂದು ಮಾತನ್ನೂ ಆಡಲಾರದೆ, ಆ ಹುಸಿಹಾಡಿನ ಒಂದೊಂದು ನುಡಿಗೂ ಕರಗುತ್ತ ಕರಗುತ್ತ ಒಂದಾಗುತ್ತಾರೆ. ಹಾಡುವವರಲ್ಲಿ ಸುಳ್ಳಾದುದು ಕೇಳುವವರಲ್ಲಿ ನಿಜವಾಗುವ ಈ ಚಮತ್ಕಾರಕ್ಕೆ ಸಾಟಿಯಾದುದನ್ನು ನಾನು ಬೇರೆ ಪ್ರಹಸನಗಳಲ್ಲಿ ಕಂಡುದು ವಿರಳ.

ಶಿವಮೊಗ್ಗೆಯ ರವೀಂದ್ರನಗರದಲ್ಲಿ ಕುಳಿತು ಇದನ್ನು ನೋಡುವ ಕನ್ನಡಿಗನಿಗೆ ಕಂಪನಿನಾಟಕದ ‘ಸದಾರಮೆ’ ನೆನಪಾಗದಿರದು. ಬೆಳ್ಳಾವೆ ನರಹರಿಶಾಸ್ತ್ರಿಗಳು ರಚಿಸಿದ ಆ ನಾಟಕದಲ್ಲಿಯೂ ಹಾಡುಂಟು, ಹಾಸ್ಯವುಂಟು, ಎಲ್ಲಕ್ಕೂ ಮಿಗಿಲಾಗಿ ಕಳ್ಳನೊಬ್ಬನುಂಟು. ಗುಬ್ಬಿ ವೀರಣ್ಣನವರ ಕೀರ್ತಿಗೆ ಆ ಕಳ್ಳನ ಪಾತ್ರವೂ ಒಂದು ಮುಖ್ಯಕಾರಣ. ನಾಯಿಕೆಯ ವಿಷಯದಲ್ಲಂತೂ ತಕ್ಕಡಿ ನಮ್ಮ ಕಡೆಗೇ ವಾಲುತ್ತದೆ: ಪುರುಷವೇಷ ತೊಟ್ಟು ಸ್ವಬುದ್ಧಿಯಿಂದ ಪಾರಾಗುವ ಸದಾರಮೆಯ ಮುಂದೆ ಬಿಯಾಟ್ರಿಸಳು ಬರಿಯ ಚೆಲುವಾದ ಗೊಂಬೆ. ಕ್ಲೇರನಿಗೆ ಹೆಣ್ಣಿನ ಮನಸ್ಸಿಗಿಂತ ಕೋಟಿನ ಗತಿಯಲ್ಲಿಯೇ ಹೆಚ್ಚಿನ ಆಸಕ್ತಿಯೆಂಬ ಆಕ್ಷೇಪವನ್ನು ನಾನು ಹಿಂತೆಗೆದುಕೊಳ್ಳಲಾರೆ.

ಆದರೆ ಕಂಪನಿನಾಟಕದ ಹಾಸ್ಯವು ಪ್ರೇಕ್ಷಕನೊಡನೆ ಕೊಟ್ಟುಕೊಳ್ಳುವ ವ್ಯವಹಾರ. ‘ಒನ್ಸ್ ಮೋರ್’ ಎಂದು ಸಭೆ ಕೂಗಿದೊಡನೆ ಕಥೆಯನ್ನು ನಿಂತಲ್ಲೇ ನಿಲ್ಲಿಸಿ ಹಾಡನ್ನು ಮತ್ತೊಮ್ಮೆ ಹಾಡಬೇಕು. ನಗೆ ಅಡಗುವವರೆಗೆ ಕಾಯಬೇಕು. ಅಂದಿನ ಊರಸುದ್ದಿಯನ್ನು ಮಾತಿನಲ್ಲಿ ಪೋಣಿಸಬೇಕು. 1934ರ ‘ಸತಿ ಸುಲೋಚನ’ದಿಂದ ಕನ್ನಡ ವಾಕ್ಚಿತ್ರ ಮೊದಲಾಗಿ, ಮರುವರ್ಷವೇ ‘ಸದಾರಮೆ’ಯೂ ತೆರೆಗೇರಿತು. ಆದರೆ ತೆರೆಯ ಮೇಲಿನ ನಟನಿಗೆ ಸಭೆಯ ಕೂಗು ಕೇಳಿಸದು. ರಂಗದಲ್ಲಿ ಜೀವಾಳವಾಗಿದ್ದ ವಿರಾಮವು ಅಲ್ಲಿ ಬರಿಯ ಖಾಲಿಜಾಗ. ಕ್ಲೇರನು ಆ ಖಾಲಿಯನ್ನು ಮೊದಲೇ ಅರಿತು ಓಟದಿಂದ, ಕುಣಿತದಿಂದ, ಮೇಳದಿಂದ ತುಂಬಿದನು. ನಮ್ಮ ಚಿತ್ರಗಳಾದರೋ ಬಹುಕಾಲ, ಕಥೆ ನಿಂತಮೇಲೆಯೇ ಹಾಡು ಹುಟ್ಟಬೇಕೆಂಬ ರಂಗದ ಕಟ್ಟಳೆಯನ್ನು ಕ್ಯಾಮೆರಾದ ಮುಂದೆಯೂ ಪಾಲಿಸುತ್ತ ಬಂದವು.