ಒಂಟೆಯ ಪಾಳಿಯ ನೀರು

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಪ್ರವಚನಗಳಲ್ಲಿ ಆದ್, ಸಮೂದ್ ಜನಾಂಗಗಳ ಕತೆ ಕೇಳದವರು ಕಡಿಮೆ. ಹೇಳುವ ರೀತಿ ಮಾತ್ರ ಹೆಚ್ಚಾಗಿ ಒಂದೇ: ಪ್ರವಾದಿ ಬಂದರು, ಜನ ಕೇಳಲಿಲ್ಲ, ನಾಶವಾದರು. ಕೇಳಿದವರು ‘ಅವರು ಕೆಟ್ಟವರು, ನಾವಲ್ಲ’ ಎಂದುಕೊಂಡು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಈ ನೆಮ್ಮದಿಯ ಬಗ್ಗೆಯೇ ನನ್ನ ತಕರಾರು.

ಕುರ್‌ಆನಿನ 26ನೇ ಅಧ್ಯಾಯದ ಹೆಸರು ‘ಅಶ್ಶುಅರಾ’, ಎಂದರೆ ಕವಿಗಳು. ಅದರಲ್ಲಿ ನೂಹ್, ಹೂದ್, ಸಾಲಿಹ್, ಲೂತ್, ಶುಐಬ್ ಎಂಬ ಐವರು ಪ್ರವಾದಿಗಳ ಕತೆಗಳು ಒಂದರ ಹಿಂದೊಂದು ಬರುತ್ತವೆ. ಐವರೂ ಒಂದೇ ಬಗೆಯ ಮಾತಿನಿಂದ ಶುರುಮಾಡುತ್ತಾರೆ. ಪ್ರತಿ ಕತೆಯ ಕೊನೆಗೂ ಅದೇ ಪಲ್ಲವಿ. ನಮ್ಮ ಪ್ರವಚನಗಳು ಈ ಪಲ್ಲವಿಯನ್ನಷ್ಟೇ ಹಿಡಿದುಕೊಂಡಿವೆ. ಆದರೆ ಪಲ್ಲವಿ ಒಂದೇ ಆದಾಗ ಕಿವಿ ಹೋಗಬೇಕಾದ್ದು ಚರಣಗಳ ಕಡೆಗೆ. ಅಲ್ಲಿ ಒಂದೊಂದು ಜನಾಂಗದ ತಪ್ಪೂ ಬೇರೆ. ಆದ್ ಜನರದು ಎತ್ತರದ ಜಾಗದಲ್ಲೆಲ್ಲ ಮೆರೆಯಲು ಕಟ್ಟಿದ ಕಟ್ಟಡ, ಅದರ ಜೊತೆಗಿನ ದಬ್ಬಾಳಿಕೆ. ಶುಐಬರ ಜನರದು ಅಳತೆ, ತೂಕದ ಮೋಸ. ಲಿಂಗಸುಗೂರಿನ ಸಂತೆಗೆ ಹೋಗುವ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಸಮೂದರದು ನೀರಿನ ಕತೆ. ಬಂಡೆ ಕೊರೆದು ಮನೆ ಮಾಡಿಕೊಂಡಿದ್ದ ಜನ. ಸಾಲಿಹರು ಒಂದು ಹೆಣ್ಣೊಂಟೆಯನ್ನು ತೋರಿಸಿ, ನೀರು ಕುಡಿಯಲು ಅದಕ್ಕೊಂದು ಪಾಳಿ, ನಿಮಗೊಂದು ಪಾಳಿ ಎಂದರು. ಅವರು ಒಂಟೆಯನ್ನೇ ಕಡಿದರು. 54ನೇ ಅಧ್ಯಾಯದಲ್ಲಿ ಕತ್ತಿ ಎತ್ತಿದವನು ಒಬ್ಬ. ಅವನನ್ನು ಕರೆದವರು ಉಳಿದವರು. ಶಿಕ್ಷೆ ಅವರೆಲ್ಲರಿಗೂ.

ಈ ಕತೆಯನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕ ಕೂತು ಕೇಳಬೇಕು. 1953ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ನೀರು ಸಿಂಧನೂರನ್ನು ಭತ್ತದ ನಾಡಾಗಿಸಿತು. ಮೇಲ್ಭಾಗದಲ್ಲಿ ಮಿತಿ ಮೀರಿ ಭತ್ತ ನಾಟಿಯಾದರೆ, ಕೊನೆ ಭಾಗದ ಮಾನ್ವಿ, ರಾಯಚೂರು ಕಡೆಯ ಹೊಲಗಳಿಗೆ ನೀರು ಮುಟ್ಟುವುದಿಲ್ಲ. ಮಸ್ಕಿಯ ಮಳೆಯಾಶ್ರಿತ ಹಳ್ಳಿಗಳು ಪಾಳಿಯೇ ಇಲ್ಲದೆ 5ಎ ಕಾಲುವೆ ಕೇಳಿ ಧರಣಿ ಕೂತವು. 2021ರ ಉಪಚುನಾವಣೆಯಲ್ಲೂ ಅದೇ ದೊಡ್ಡ ಮಾತಾಗಿತ್ತು. ರಾತ್ರಿ ಹೊತ್ತು ತೂಬು ಎತ್ತುವವನು ಒಬ್ಬನೇ ಇರಬಹುದು. ನೋಡಿಯೂ ಸುಮ್ಮನಿದ್ದ ಊರಿನ ಪಾಲೆಷ್ಟು?

ಬರ ಬಂದಾಗ ದೇವರ ಶಿಕ್ಷೆಯೆಂದು ಯಾರದೋ ತಲೆಗೆ ಕಟ್ಟುವುದು ಈ ಕತೆಯನ್ನು ಮತ್ತೆ ‘ಅವರ’ ಕತೆಯಾಗಿಸುತ್ತದೆ. ಅದರ ಬದಲು ಹೇಳುವವರು ಒಂಟೆಯ ಪಾಳಿಯ ಬಳಿ ಒಂದು ನಿಮಿಷ ನಿಲ್ಲಲಿ. ಕೇಳುವವರ ಸಾಲಿನಲ್ಲಿ ಮೇಲ್ಭಾಗದ ರೈತನೂ ಇರುತ್ತಾನೆ, ಕೊನೆ ಭಾಗದವನೂ ಇರುತ್ತಾನೆ. ಆ ನೀರು ಯಾವುದೆಂದು ಇಬ್ಬರಿಗೂ ಗೊತ್ತು.